ಅಲ್ಸೀಡನ ನೀರಿನ ಅಂದಾಜು

ಅಲ್ಸೀಡ್ ಗಿಡ್ರಿಗೆ ಓಡೀಲ್ ಮೇಲೆ ಸಿಟ್ಟು ಬಂದದ್ದು, ಅವಳು ಅವನ ಅಂದಾಜು ತಪ್ಪು ಎಂದಳೆಂದಲ್ಲ. ಬಾಯಿತುಂಬ ಗಂಬೋ ಸಾರು ಇಟ್ಟುಕೊಂಡು ಹಾಗೆಂದಳೆಂದು. ನೀರು ಕೇಳಿದಷ್ಟು ಹಗುರವಾಗಿ!

ಅಮೆರಿಕದ ಲೂಸಿಯಾನಾದ ಕಬ್ಬಿನ ಗದ್ದೆಗಳ ನಡುವಿನ ಆ ಪುಟ್ಟ ವಿಮಾನ ನಿಲ್ದಾಣದಲ್ಲಿ, ತಮ್ಮ ವಿಮಾನ ತಾವೇ ಕಟ್ಟಿಕೊಳ್ಳುವ ಹುಚ್ಚಿನವರೆಲ್ಲ ಶನಿವಾರ ಊಟಕ್ಕೆ ಸೇರುತ್ತಿದ್ದರು. ಮೇಜಿನ ತಲೆಭಾಗದ ಕೈಕುರ್ಚಿ ಅಲ್ಸೀಡನದು. ಆಯುಷ್ಯವೆಲ್ಲ ಗದ್ದೆಯ ಪಂಪುಗಳ ಜೊತೆ ಕಳೆದವನು. ಯಾವ ಕೊಳವೆಯಲ್ಲಿ ಎಷ್ಟು ನೀರು ಹರಿದೀತೆಂದು ಅವನು ಹೇಳಿದರೆ ಮುಗಿಯಿತು. ಓಡೀಲ್ ಹಲ್ಲಿನ ಡಾಕ್ಟರಾಗಿದ್ದವಳು. ಹಳೇ ಕಾರೊಂದರ ರೋಟರಿ ಎಂಜಿನ್ನನ್ನು ತನ್ನ ವಿಮಾನಕ್ಕೆ ಕೂರಿಸಿದ್ದಳು. ಪಿಸ್ಟನ್ನಿನ ಬದಲು ಒಳಗೆ ಮೂರು ಮೂಲೆಯ ಗಿರಕಿ ತಿರುಗುವ ಆ ಎಂಜಿನ್ನಿಗೆ ಕಾವು ಜಾಸ್ತಿ. ನೀರು ಸಾಕಷ್ಟು ಹರಿಯದಿದ್ದರೆ ಅದರ ಕತೆ ಮುಗಿದಂತೆಯೇ.

"ಹರಿಯಲ್ಲ," ಎಂದು ಅಲ್ಸೀಡ್ ತೀರ್ಪು ಕೊಟ್ಟಿದ್ದ. "ಇನ್ನೂ ದೊಡ್ಡ ಪಂಪು ಬೇಕು. ಹೋಸಿನ ಕ್ಲಾಂಪಿಗೆ ಒಂದು ಗೆರೆ ಕೂಡ ಎಳೆದಿಲ್ಲ ನೀನು. ಸಡಿಲಾದ್ರೆ ಹೆಂಗೆ ಗೊತ್ತಾಗ್ಬೇಕು?"

ಹೋಸು ಪೈಪನ್ನು ಬಿಗಿಯುವ ಕ್ಲಾಂಪಿನ ಪಟ್ಟಿಯಿರಲಿ, ಬೇರೇನೇ ಇರಲಿ, ತಾನು ಬಿಗಿ ಮಾಡಿದ ಪ್ರತಿ ಸ್ಕ್ರೂವಿಗೂ ಅವನು ಅಡ್ಡ ಗೆರೆ ಎಳೆಯುತ್ತಿದ್ದ, ಸ್ಕ್ರೂ ಕದಲಿದರೆ ಗೆರೆ ಮುರಿದು ಗೊತ್ತಾಗಲೆಂದು. ಹೆಂಡತಿ ವರ್ನಾ ಬೇಡವೆಂದು ಬಿಟ್ಟ ನೇರಳೆ ಉಗುರುಬಣ್ಣದ ಬಾಟಲಿ ಸದಾ ಅವನ ಅಂಗಿಯ ಜೇಬಿನಲ್ಲಿ.

"ನನ್ನ ಹೋಸು ಮೇಕಪ್ ಮಾಡ್ಕೊಳ್ಳಲ್ಲ ಮಾರಾಯ," ಎಂದಳು ಓಡೀಲ್. "ನೀರೂ ಸಾಕಷ್ಟು ಹರಿಯುತ್ತೆ, ನಿನ್ನ ಅಂದಾಜೇ ತಪ್ಪು. ಮುಂದಿನ ಶನಿವಾರ ವಿಮಾನದ ಬಾಲ ಕಟ್ಟಿ, ನಿಂತಲ್ಲೇ ಎಂಜಿನ್ನು ಪೂರ್ತಿ ಓಡಿಸ್ತೀನಿ, ಎಲ್ಲಾರೂ ನೋಡ್ಲಿ. ಕಾವಿನ ಮುಳ್ಳು ಕೆಂಪು ಮುಟ್ಟಿದ್ರೆ ನಿನ್ನ ಮಾತೇ ಸರಿ. ಮುಟ್ಟದಿದ್ರೆ ಆ ಕುರ್ಚಿ ನಂದು."

ಎಲ್ಲರೂ ನಕ್ಕರು. ಅಲ್ಸೀಡ್ ಒಪ್ಪಿಕೊಂಡ.

ಮನೆಗೆ ಹೋಗಿ ಇನ್ನೊಮ್ಮೆ ಲೆಕ್ಕ ಹಾಕಿದಾಗ ತನ್ನ ತಪ್ಪು ಸಿಕ್ಕಿತು. ಕಾರು ರಸ್ತೆಯಲ್ಲಿ ಹೋಗುವ ವೇಗಕ್ಕೆ ಪಂಪು ಎಷ್ಟು ತಿರುಗುತ್ತದೋ ಅಷ್ಟನ್ನೇ ಹಿಡಿದಿದ್ದ. ವಿಮಾನದಲ್ಲಿ ಅದೇ ಎಂಜಿನ್ನು ಅದರ ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ, ಪಂಪೂ ಅಷ್ಟೇ. ನೀರು ಸಾಲುವುದೇನು, ಮಿಕ್ಕೀತು! ಒಪ್ಪಿಕೊಂಡುಬಿಡಬಹುದಿತ್ತು. ಆದರೆ ಬಾಗಿಲ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತು ಸಾರು ಕುಡಿಯುವ ಮುದುಕನ ಚಿತ್ರ ಕಣ್ಣಮುಂದೆ ಬಂತು. ಅಂದಾಜು ನಿಜಕ್ಕೆ ಹೊಂದದಿದ್ದರೆ ನಿಜವನ್ನೇ ಅಂದಾಜಿಗೆ ಹೊಂದಿಸಿದರಾಯಿತು.

ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಹೋಸಿನ ಒಳಗಲಕ್ಕೆ ಕತ್ತರಿಸಿದ. ನಡುವೆ, ನೀರು ತಡೆತಡೆದು ಹರಿಯುವಷ್ಟೇ, ಒಂದು ತೂತು. ಎಷ್ಟು ದೊಡ್ಡ ತೂತು ಎನ್ನುವುದಕ್ಕೆ ಈ ಸಲ ಎಂಜಿನ್ನಿನ ವೇಗವನ್ನು ಸರಿಯಾಗಿ ಹಿಡಿದ. ಅವನ ಆಯುಷ್ಯದಲ್ಲೇ ಅತ್ಯುತ್ತಮ ಅಂದಾಜು ಅದು. ಯಾರಿಗೂ ಹೇಳಿಕೊಳ್ಳುವಂತಿಲ್ಲ ಎನ್ನುವುದೊಂದೇ ಸಂಕಟ. ವಿಮಾನ ನೆಲ ಬಿಡುವುದಿಲ್ಲ, ಆದ್ದರಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಆಮೇಲೆ ಪಂಪು ಬದಲಿಸಲು ತಾನೇ ಮುಂದೆ ಬಂದು ಬಿಲ್ಲೆಯನ್ನು ಜೇಬಿಗೆ ಇಳಿಸುವುದು. ದೊಡ್ಡ ಪಂಪು ಹಾಕಿ ಕೆಟ್ಟವರು ಯಾರಿದ್ದಾರೆ?

ಶನಿವಾರ ಓಡೀಲ್ ಗಂಬೋ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದಾಗ, ಅಲ್ಸೀಡ್ ಖಾಲಿ ಬಟ್ಟಲು ಹಿಡಿದುಕೊಂಡೇ ಅವಳ ಶೆಡ್ಡಿಗೆ ನುಸುಳಿದ. ಕೈಗವಸು ಹಾಕಿದ. ಎಂಜಿನ್ನಿನ ಮುಚ್ಚಳ ತೆಗೆದು ಮೇಲಿನ ಹೋಸು ಬಿಚ್ಚಿ, ಸುರಿದ ನೀರನ್ನು ಬಟ್ಟಲಲ್ಲೇ ಹಿಡಿದು, ಬಿಲ್ಲೆ ಕೂರಿಸಿ, ಹೋಸು ಸಿಕ್ಕಿಸಿ, ನೀರನ್ನು ವಾಪಸು ಸುರಿದ. ಕ್ಲಾಂಪನ್ನು ಅದರ ಹಳೇ ಅಚ್ಚಿನಲ್ಲೇ ಕೂರಿಸಿ ಬಿಗಿ ಮಾಡಿದ. ನೆಲಕ್ಕೆ ಬಿದ್ದ ಹನಿಗಳನ್ನೂ ಒರೆಸಿದ. ಮನಸ್ಸು ಆಗಲೇ ಕೈಕುರ್ಚಿಗೆ ಹೋಗಿ ಕೂತಿತ್ತು; ಉಳಿದ ಚೂರುಪಾರು ಕೆಲಸವನ್ನು ಕೈಗಳು ತಮ್ಮ ಪಾಡಿಗೆ ಮುಗಿಸಿ ಮುಚ್ಚಳ ಹಾಕಿದವು.

ಊಟವಾದ ಮೇಲೆ ಬಾಲವನ್ನು ಟ್ರ್ಯಾಕ್ಟರಿಗೆ ಕಟ್ಟಿದರು. ಎಂಜಿನ್ನು ಗರ್ಜಿಸಿತು. ಮುಳ್ಳು ಏರಿತು, ತಡೆಯಿತು, ಮತ್ತೆ ಏರಿ ಕೆಂಪು ಮುಟ್ಟಿತು. ಓಡೀಲ್ ಎಂಜಿನ್ನು ಆರಿಸಿ ಇಳಿದಳು. ಅವಳ ಮುಖ ನೋಡಿ ಅಲ್ಸೀಡನಿಗೆ ನಿಜವಾಗಿ ಪಾಪ ಅನ್ನಿಸಿತು. ಗೆದ್ದವನಿಗೆ ಪಾಪ ಅನ್ನಿಸುವುದು ಎಷ್ಟು ಸುಖ!

"ಹೋಗ್ಲಿ ಬಿಡು ಓಡೀಲ್," ಎಂದ. "ನಾನೇ ಬಿಚ್ಚಿ ಸರಿ ಮಾಡ್ಕೊಡ್ತೀನಿ."

"ಇರು, ಎಲ್ಲಾದ್ರೂ ಸೋರ್ತಿದೆಯಾ ನೋಡ್ತೀನಿ," ಎಂದು ಅವಳು ಮುಚ್ಚಳ ತೆಗೆದು, ರೋಗಿಯ ಬಾಯಿಗೆ ಬಗ್ಗುವಂತೆ ಬಗ್ಗಿದಳು. ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಮುಖದ ತುಂಬ ನಗು. "ಅಲ್ಲಪ್ಪಾ ಅಲ್ಸೀಡ್," ಎಂದಳು, ಎಲ್ಲರಿಗೂ ಕೇಳುವಂತೆ, "ನನ್ನ ಹೋಸಿಗೆ ಮೇಕಪ್ ಮಾಡಿದ್ಯಾರು?" ಒಂದೇ ಒಂದು ಗುರುತೂ ಇಲ್ಲದ ಆ ಎಂಜಿನ್ನಿನಲ್ಲಿ, ಮೇಲಿನ ಹೋಸಿನ ಕ್ಲಾಂಪಿನ ಸ್ಕ್ರೂವಿಗೆ ಅಡ್ಡಲಾಗಿ, ಅಚ್ಚುಕಟ್ಟಾದ ನೇರಳೆ ಗೆರೆ ಹೊಳೆಯುತ್ತಿತ್ತು. ಅಷ್ಟೂ ಜನ ತಿರುಗಿ ನೋಡುವಷ್ಟರಲ್ಲಿ ಅಲ್ಸೀಡನ ಕೈ, ಯಾರೂ ಕೇಳದೆಯೇ, ಅಂಗಿಯ ಜೇಬನ್ನು ಮುಚ್ಚಿಕೊಂಡಿತ್ತು.