ಮಧ್ಯಾಹ್ನದ ಸೈರನ್

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಶೆರೀಫ್ ಕಚೇರಿಗೆ ದೂರು ಬಂತು. ದೂರುದಾರ, ಹಾಲ್ವರ್ ಊರಿನ ಅಗ್ನಿಶಾಮಕ ಪಡೆಯ ಮುಖ್ಯಸ್ಥ ಆರಿನ್ ಸ್ಲೆಟನ್. ಊರ ಸೈರನ್ನಿನ ತಂತಿಯನ್ನು ಯಾರೋ ಕತ್ತರಿಸಿದ್ದರು. ಹಿಂದಿನ ಸಂಜೆ ಆಲ್ಮಾ ಬರ್ಗಮ್ ಎಂಬ ಮುದುಕಿಯ ಮನೆಗೆ ಬೆಂಕಿ ಬಿದ್ದಾಗ ಅದು ಕೂಗಲಿಲ್ಲ. ಹೊಲಗಳಲ್ಲಿದ್ದ ಗಂಡಸರಿಗೆ ಫೋನು ಮಾಡಿ ಕರೆಸುವಷ್ಟರಲ್ಲಿ ಮನೆ ಹೋಗಿತ್ತು. ಆಲ್ಮಾ ಉಳಿದಿದ್ದಳು.

ತನಿಖಾಧಿಕಾರಿ ಆರ್ಡಿತ್ ಕ್ವಾಮಿ ಕಾನ್‌ಸ್ಟೇಬಲ್ ಕರ್ಟಿಸ್‌ನನ್ನು ಕರೆದುಕೊಂಡು ಹೊರಟಳು. ಉತ್ತರ ಡಕೋಟದ ಬಯಲಿನಲ್ಲಿರುವ ಹಾಲ್ವರ್‌ನಲ್ಲಿ ನೂರು ಜನವೂ ಇಲ್ಲ. ಪಡೆಯೆಂದರೆ ಊರಿನ ಗಂಡಸರೇ. ಸೈರನ್ ಕೂಗಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುವವರು. ಅದೇ ಸೈರನ್ ದಿನವೂ ನಡುಮಧ್ಯಾಹ್ನ ಕೂಗಿ ಊಟದ ಹೊತ್ತನ್ನು ತಿಳಿಸುತ್ತಿತ್ತು.

ಪಂಚನಾಮೆ ಬೇಗ ಮುಗಿಯಿತು. ಸೈರನ್ನಿನ ತಂತಿಯಿದ್ದ ಶೆಡ್ಡಿಗೆ ಬೀಗವಿರಲಿಲ್ಲ. ತಂತಿಯನ್ನು ಕತ್ತರಿಸಿದವರು ನೆಲಕ್ಕೆ ಬಿದ್ದ ಚೂರುಗಳನ್ನು ಗುಡಿಸಿ ಕಸದ ಡಬ್ಬಕ್ಕೆ ಹಾಕಿದ್ದರು.

"ಇಂಥ ಒಪ್ಪವಾದ ಅಪರಾಧಿನ ನಮ್ಮನೇಗೂ ಒಂದ್ಸಲ ಕಳಿಸಿ ಮೇಡಂ," ಎಂದ ಕರ್ಟಿಸ್.

ಮನೆಮನೆಗೂ ಹೋಗಿ ವಿಚಾರಿಸಿದರು. ಯಾರೂ ಏನೂ ನೋಡಿರಲಿಲ್ಲ. ಒಬ್ಬಳು ಯಾವ ಬಣ್ಣದ ಉಲ್ಲನ್ ಕೊಂಡಳೆಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುವ ಊರಿನಲ್ಲಿ ಇದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆರ್ಡಿತ್ ಇಂಥದೇ ಊರಿನಲ್ಲಿ ಬೆಳೆದವಳು. ಊರಿಗೆ ಊರೇ ಸುಳ್ಳು ಹೇಳುವುದು ನೊಂದ ಯಾರೋ ಒಬ್ಬರನ್ನು ಕಾಯುವುದಕ್ಕೆ ಎಂದು ಅವಳಿಗೆ ಗೊತ್ತಿತ್ತು.

ಹೋಟೆಲಿನಲ್ಲಿ ಆರಿನ್ ಎದುರು ಕುಳಿತಳು.

"ನಿನ್ನೆ ಮಧ್ಯಾಹ್ನವೂ ಸೈರನ್ ಕೂಗಲಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಹೋಗಿ ನೋಡಿದ್ರಾ?"

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕಾಫಿ ತಂದ ಹೋಟೆಲಿನೊಡತಿ ಬರ್ನೀಸ್‌ಳ ಕಡೆ ಆರ್ಡಿತ್ ತಿರುಗಿದಳು. ಊರಿನ ಹೆಂಗಸರು ಸಾವಿನ ಮನೆಗೆ ಅಡುಗೆ ಹೊತ್ತುಕೊಂಡು ಹೋಗುತ್ತಾರಲ್ಲ, ಕೊನೆಯ ಸಲ ಯಾರ ಮನೆಗೆ ಹೋಗಿದ್ದು ಎಂದು ಕೇಳಿದಳು.

ಆ ಪ್ರಶ್ನೆಗೆ ಸುಳ್ಳು ಹೇಳಬೇಕೆಂದು ಬರ್ನೀಸ್‌ಗೆ ಹೊಳೆಯಲಿಲ್ಲ. "ಮರ್ನಾ ಹೌಗ್ ಮನೆಗೆ. ತಿಂಗಳಾನುಗಟ್ಟಲೆ ಅವಳಿಗೆ ಒಲೆ ಹಚ್ಚೋಕೇ ಬಿಡ್ಲಿಲ್ಲ ನಾವು. ಪಾಪ, ಲೋವೆಲ್ ತಟ್ಟೇಲಿ ಅರ್ಧ ಊಟ ಬಿಟ್ಟು ಸೈರನ್ ಕೇಳಿ ಓಡಿದ್ನಲ್ಲ..."

"ಬರ್ನೀಸ್, ಸಾಕು," ಎಂದ ಆರಿನ್.

ಹಿಂದಿನ ವರ್ಷ ಸೂರ್ಯಕಾಂತಿ ಹೊಲಕ್ಕೆ ಬಿದ್ದ ಬೆಂಕಿ ಆರಿಸಲು ಹೋದ ಮರ್ನಾಳ ಗಂಡ ಲೋವೆಲ್ ತಿರುಗಿ ಬಂದಿರಲಿಲ್ಲ.

ಮರ್ನಾಳ ಅಡುಗೆಮನೆಯಲ್ಲಿ ಆಲ್ಮಾ ಕೂತಿದ್ದಳು, ಮರ್ನಾಳದೇ ಸ್ವೆಟರು ಹಾಕಿಕೊಂಡು. ಮನೆ ಉರಿದ ಸಂಜೆ ಅವಳನ್ನು ಕೈಹಿಡಿದು ಕರೆತಂದವಳು ಮರ್ನಾ. ಪೊಲೀಸರನ್ನು ಕಂಡು ಮರ್ನಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನಾನೇ," ಎಂದಳು.

"ಊಟ ಮಾಡ್ಲಿ ಕಣಮ್ಮ, ನಿನ್ನೆಯಿಂದ ಏನೂ ತಿಂದಿಲ್ಲ ಅವಳು," ಎಂದಳು ಆಲ್ಮಾ.

"ಯಾರಿಂದ ನಿಮ್ಮ ಮನೆ ಹೋಯ್ತು ಅಂತ ಗೊತ್ತಾ?" ಎಂದು ಆರ್ಡಿತ್ ಮುದುಕಿಯನ್ನು ಕೇಳಿದಳು.

"ಬೆಂಕಿ ಹತ್ತಿದ್ದು ನನ್ನ ಒಲೆಯಿಂದ." ಮುದುಕಿ ಸ್ವೆಟರಿನ ತೋಳು ಎಳೆದುಕೊಂಡಳು. ಆಮೇಲೆ ಮರ್ನಾಳನ್ನು ನೋಡಿದಳು. "ಆದ್ರೆ ನನ್ನ ಮಗಳ ಫೋಟೋ ಒಂದೂ ಉಳೀಲಿಲ್ಲ ಮಾರಾಯ್ತಿ. ಅದನ್ನ ನುಂಗ್ಕೊಳ್ಳೋಕೆ ಆಗ್ತಿಲ್ಲ."

ಮರ್ನಾ ಊಟ ಮಾಡಲಿಲ್ಲ. ಸಾರ್ವಜನಿಕ ಸುರಕ್ಷತೆಯ ಸಾಧನ ಹಾಳುಮಾಡಿದ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ಕರ್ಟಿಸ್ ಕೋಳ ತೊಡಿಸಲಿಲ್ಲ. ಊರವರು ಕಿಟಕಿಯ ಪರದೆಗಳ ಹಿಂದೆಯೇ ನಿಂತಿದ್ದರು; ಯಾರೂ ಹೊರಗೆ ಬರಲಿಲ್ಲ.

ದಾರಿಯಲ್ಲಿ ಆರ್ಡಿತ್ ಕೇಳಿದಳು: ಮಧ್ಯಾಹ್ನದ ಕೂಗನ್ನು ನಿಲ್ಲಿಸಿ ಎಂದಿದ್ದರೆ ಆರಿನ್ ಮರುಮಾತಿಲ್ಲದೆ ನಿಲ್ಲಿಸುತ್ತಿದ್ದನಲ್ಲ, ಯಾಕೆ ಕೇಳಲಿಲ್ಲ?

ಮರ್ನಾ ಹೇಳಿದ್ದನ್ನು ಆರ್ಡಿತ್ ಹೇಳಿಕೆಯಲ್ಲಿ ಒಂದಕ್ಷರ ಬದಲಿಸದೆ ಬರೆದಳು:

"ನಿಲ್ಲಿಸ್ತಿದ್ರು. ಆಮೇಲೆ ದಿನಾ ಮಧ್ಯಾಹ್ನ ಊರಿಗೂರೇ ಊಟಕ್ಕೆ ಕೂತು, ಅದು ಕೂಗದೇ ಇದ್ದಾಗ ನನ್ನನ್ನೇ ನೆನೆಸ್ಕೋತಿತ್ತು. ಅವ್ನು ಹೋದ್ಮೇಲೆ ನಾನು ಅವರಿಗೆಲ್ಲ ಅಯ್ಯೋ ಪಾಪ ಆಗ್ಬಿಟ್ಟಿದ್ದೆ. ಸೈರನ್ ತಾನಾಗೇ ಕೆಟ್ಟಿದೆ ಅಂದ್ಕೊಳ್ಳಲಿ ಅಂತಿತ್ತು ನಂಗೆ."