ಬಾಳವ್ವನ ಕತ್ತರಿಯ ನಡುಮೊಳೆ

ಬಹಳ ಬಹಳ ಹಿಂದೆ, ಟಗರಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಣಚುಗಿರಿ ಎಂಬ ಒಂದು ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ, ರಾಜನಿಗೊಂದು ಅರಮನೆ, ಅರಮನೆಗೊಂದು ಅಡುಗೆಮನೆ. ರಾಜನ ಮಾತು ರಾಜ್ಯದಲ್ಲೆಲ್ಲ ನಡೆಯುತ್ತಿತ್ತು, ಅಡುಗೆಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಬಾಳವ್ವನ ಮಾತು. "ಸಾರಿಗೆ ಉಪ್ಪು ಸಾಲದು" ಎಂದು ರಾಜ ಹೇಳಿಕಳಿಸಿದರೆ, "ಬಾಯಿ ಮುಕ್ಕಳಿಸಿ ಇನ್ನೊಂದು ಸಲ ನೋಡಕ್ಕೆ ಹೇಳು" ಎಂದು ಉತ್ತರ ಹೋಗುತ್ತಿತ್ತು. ರಾಜ ಬಾಯಿ ಮುಕ್ಕಳಿಸಿ ನೋಡುತ್ತಿದ್ದ. ಉಪ್ಪು ಸರಿಯಾಗಿಯೇ ಇರುತ್ತಿತ್ತು.

ಬಾಳವ್ವನ ಹತ್ತಿರ ಒಂದು ಕತ್ತರಿಯಿತ್ತು. ಅವಳ ಅತ್ತೆ ಕೆಂಚವ್ವ ಸಾಯುವ ಮುಂಚೆ ಬಿಟ್ಟುಹೋದದ್ದು. ಕರಿಬೇವು, ಕೊತ್ತಂಬರಿ, ಒಣಮೆಣಸಿನಕಾಯಿ, ಬಾಳೆಯೆಲೆಯ ಅಂಚು, ಎಲ್ಲಕ್ಕೂ ಅದೇ. ಕೆಲಸ ಮುಗಿದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ನಡುಮೊಳೆಗೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು, ಒಲೆಯ ಹಬೆ ತಾಗದ ಗೂಟಕ್ಕೆ ತೂಗುಹಾಕುತ್ತಿದ್ದಳು. ಅದರಲ್ಲಿ ತಂತಿ ಕತ್ತರಿಸಲು ಬಂದ ಅರಮನೆಯ ಮಾಲಿಯ ಬೆನ್ನಿಗೆ ಸೌಟಿನೇಟು ಬಿದ್ದದ್ದು ಊರಿಗೆಲ್ಲ ಗೊತ್ತು. ಮೊಂಡ ಕತ್ತರಿಯಲ್ಲಿ ಒದ್ದಾಡುವ ಹುಡುಗಿಯರಿಗೆ ಅವಳು ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಸೊಪ್ಪು ಮಡಚಿತು ಅಂದ್ರೆ ತಪ್ಪು ಸೊಪ್ಪಿಂದಲ್ಲ ಕಣ್ರೇ."

ಆ ರಾಜ್ಯದಲ್ಲಿ ಇನ್ನೊಂದು ಪದ್ಧತಿಯಿತ್ತು. ಕತ್ತರಿಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ. ಕೊಡುವವರು ಕೆಳಗಿಡಬೇಕು, ಬೇಕಾದವರು ತಾವೇ ಎತ್ತಿಕೊಳ್ಳಬೇಕು.

ಆ ವರ್ಷ ನವರಾತ್ರಿಗೆ ಮುಂಚೆ ಕಮ್ಮಾರ ಕಾಳಾಚಾರಿ ಬಾಳವ್ವನ ಕತ್ತರಿಗೆ ಸಾಣೆ ಹಿಡಿದು, ಜಗಲಿಯ ಮೇಲಿಟ್ಟು, ತಲೆಯಾಡಿಸಿದ.

"ಬಾಳವ್ವಾ, ಇದರ ಕಾಲ ಮುಗೀತು. ಮಸೆದೂ ಮಸೆದೂ ಅಲಗು ಗರಿಕೆಯಷ್ಟಾಗೈತೆ. ಮೊಳೆ ಕೂರೋ ತೂತು ಸವೆದು ಎರಡು ಅಲಗಿನ ನಡುವೆ ಬೆಳಕು ಕಾಣ್ತೈತೆ. ಹೊಸದೊಂದು ಬಡಿದಿಡ್ತೀನಿ, ಬಂದು ಎತ್ತಿಕೋ."

"ಬೆಳಕು ಕಾಣ್ತಿರೋದು ನಿನ್ನ ಕಣ್ಣಿನ ಪೊರೇಲಿ. ನಮ್ಮತ್ತೆ ಕತ್ತರಿ ಇದು. ನಾನಿರೋ ತನಕ ಇದೂ ಇರ್ತದೆ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣವ್ವ."

"ಹಳೇ ಗಂಡನ ಪಾದವೇ ಗತಿ ಕಣಪ್ಪ" ಎಂದು ನಕ್ಕು ಬಾಳವ್ವ ಹಳೆಯ ಕತ್ತರಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನಕ್ಕಳೇನೋ ನಿಜ, ಆದರೆ ಮನಸ್ಸು ಹಿಂಡಿದಂತಾಯಿತು. ತಾಯಿಯಿಲ್ಲದೆ ಬಂದ ಸೊಸೆ ಅವಳು. ಅನ್ನ ಬಸಿಯುವುದರಿಂದ ಹಿಡಿದು ಅಳು ನುಂಗುವುದರ ತನಕ ಕಲಿಸಿದವಳು ಕೆಂಚವ್ವ. ಆ ಕತ್ತರಿಯ ಹಿಡಿಯೊಳಗೆ ಬೆರಳು ತೂರಿಸಿದಾಗಲೆಲ್ಲ ಅತ್ತೆಯ ಕೈ ಹಿಡಿದಂತೆ ಅವಳಿಗೆ ಅನಿಸುತ್ತಿತ್ತು.

ರಾಜ್ಯದ ಗಡಿಯಲ್ಲಿ ಕರಿಗುಡ್ಡವಿತ್ತು. ಗುಡ್ಡದ ತುದಿಯಲ್ಲಿ ಸಿಕ್ಕಜಟ್ಟಿ ಎಂಬ ಮಾಂತ್ರಿಕನಿದ್ದ. ಅವನ ತಲೆಯಲ್ಲಿ ಏಳುನೂರು ಉದ್ದುದ್ದ ಕೂದಲುಗಳಿದ್ದವು, ಅವುಗಳಲ್ಲಿ ಒಂದೂ ಅವನದಲ್ಲ. ಗುಡ್ಡಕ್ಕೆ ಕಾಲಿಟ್ಟವರನ್ನು ಅವನು ಮಾಯದ ಎಳೆಯಿಂದ ಮೂರು ಗಂಟು ಹಾಕಿ ಕಟ್ಟುತ್ತಿದ್ದ. ಮೂರನೆಯ ದಿನ ಸೂರ್ಯ ಮುಳುಗಿದರೆ ಕಟ್ಟಿಸಿಕೊಂಡವರು ಅವನ ತಲೆಯ ಕೂದಲಾಗಿಬಿಡುತ್ತಿದ್ದರು. ಅವನದೆಂದು ಇದ್ದದ್ದು ನೆತ್ತಿಯ ಮೇಲಿನ ಒಂದು ಗಿಡ್ಡ ಜುಟ್ಟು ಮಾತ್ರ. ಮೂರನೆಯ ಗಂಟನ್ನು ಅವನು ಯಾವಾಗಲೂ ಆ ಜುಟ್ಟಿಗೇ ಬಿಗಿಯುತ್ತಿದ್ದ.

ಬಾಳವ್ವನ ಒಬ್ಬಳೇ ಮಗಳು ಸಂಪಿ ಹಬ್ಬದಡುಗೆಗೆಂದು ಘಮಘಮಿಸುವ ಕಾಡು ಕರಿಬೇವು ತರಲು ಗುಡ್ಡದ ಬುಡಕ್ಕೆ ಹೋದಳು. ಒಂದು ಕೊಂಬೆ, ಇನ್ನೊಂದು ಕೊಂಬೆ ಎನ್ನುತ್ತ ಮೇಲೆ ಹತ್ತಿಬಿಟ್ಟಳು. ಸಿಕ್ಕಜಟ್ಟಿಯ ಎಳೆ ಸರಸರ ಹರಿದು ಬಂದು ಅವಳನ್ನು ಸುತ್ತಿಕೊಂಡಿತು.

ರಾಜ ನೂರು ಜನ ಸೈನಿಕರನ್ನು ಕಳಿಸಿದ. ಅವರು ಕತ್ತಿ ಬೀಸಿದರು. ಬೀಸಿದ ಕಡೆಗೆಲ್ಲ ಎಳೆ ಬಾಗಿತು, ಒಂದೂ ತುಂಡಾಗಲಿಲ್ಲ. ತಲೆ ತಗ್ಗಿಸಿ ಮರಳಿದ ಸೈನಿಕರಿಗೆ ಬಾಳವ್ವ ಹೇಳಿದಳು: "ಒಂದು ಅಲಗು ಹೊಡೀತದೆ, ಅಷ್ಟೆ. ಎರಡು ಅಲಗಾದ್ರೆ ಹಿಡಿದು ಕತ್ತರಿಸ್ತದೆ. ದಾರಿ ಬಿಡಿ."

ಮೊದಲ ದಿನ ಬಾಳವ್ವ ಗುಡ್ಡದ ಬುಡಕ್ಕೆ ಹೋದಳು. ಅಲ್ಲಿ ಆರು ಕೊಂಬಿನ ಮಾಯಾಟಗರು ಕಾವಲಿತ್ತು.

"ಯಾರು? ಏನು ತಂದೆ?"

"ಬಾಳವ್ವ. ಹೋಳಿಗೆ ತಂದೆ."

ಟಗರು ಹೋಳಿಗೆ ತಿಂದು, ಮೀಸೆಯ ತುಪ್ಪ ನೆಕ್ಕಿ, ದಾರಿ ಬಿಟ್ಟಿತು. ಮೇಲೆ ಸಂಪಿ ಕಾಲಿನಿಂದ ಕುತ್ತಿಗೆಯ ತನಕ ಕರಿ ಎಳೆಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಸಿಕ್ಕಜಟ್ಟಿ ಕಲ್ಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. "ಸೌಟಿನವಳು ಬಂದ್ಲು! ಮೂರು ಗಂಟು, ಮೂರು ದಿನ. ದಿನಕ್ಕೆ ಒಂದೇ ಗಂಟು ಕಣ್ಣಿಗೆ ಬೀಳ್ತದೆ. ಕತ್ತರಿಸು ನೋಡೋಣ." ಜನ ಸೋಲುವುದನ್ನು ನೋಡುವುದೆಂದರೆ ಅವನಿಗೆ ಹಬ್ಬದೂಟ, ಬಿಡಿಸಲು ಬಂದವರನ್ನು ಅದಕ್ಕೇ ಕಟ್ಟುತ್ತಿರಲಿಲ್ಲ. ಬಾಳವ್ವ ಕತ್ತರಿ ಹಿಡಿದಳು. ಕಚ, ಕಚ, ಕಚ. ಮೂರು ಏಟಿಗೆ ಗಂಟು ತುಂಡಾಯಿತು, ಸಂಪಿಯ ಕಾಲು ಬಿಡುಗಡೆಯಾಯಿತು.

ಎರಡನೆಯ ದಿನ ಹೊರಡುವ ಮುಂಚೆ ಬಾಳವ್ವ ಉಪ್ಪಿನಕಾಯಿ ಭರಣಿಯನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಕತ್ತರಿಯನ್ನು ಮಸೆದಳು. ಮೊಳೆಗೆ ಎಣ್ಣೆ ಬಿಟ್ಟಳು. ಗುಡ್ಡದ ಬುಡಕ್ಕೆ ಹೋದಳು.

"ಯಾರು? ಏನು ತಂದೆ?"

"ಬಾಳವ್ವ. ಕಜ್ಜಾಯ ತಂದೆ."

ಟಗರು ಕಜ್ಜಾಯ ತಿಂದು ದಾರಿ ಬಿಟ್ಟಿತು. ಆದರೆ ಆವತ್ತು ಕತ್ತರಿ ಎಳೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಹಲ್ಲಿಲ್ಲದ ಮುದುಕಿ ಅಡಿಕೆ ಅಗಿದಂತೆ ಮಧ್ಯಾಹ್ನದಿಂದ ಸಂಜೆಯ ತನಕ ಅಗಿಯಿತು. ಬಾಳವ್ವನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಸೂರ್ಯ ಮುಳುಗುವ ಹೊತ್ತಿಗೆ ಹೇಗೋ ಗಂಟು ಹರಿದು ಸಂಪಿಯ ಕೈ ಬಿಡುಗಡೆಯಾಯಿತು. "ಇವತ್ತಿನ ಎಳೆ ಬಲು ಒರಟು" ಎಂದುಕೊಂಡು ಬಾಳವ್ವ ಮನೆಗೆ ಬಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮೂರನೆಯ ದಿನ ಮತ್ತೆ ಮಸೆದಳು. ಮಸೆಯಲು ಅಲಗೇ ಉಳಿದಿರಲಿಲ್ಲ. ಗುಡ್ಡದ ಬುಡಕ್ಕೆ ಹೋದಳು.

"ಯಾರು? ಏನು ತಂದೆ?"

"ಬಾಳವ್ವ. ಕರ್ಜಿಕಾಯಿ ತಂದೆ."

ಟಗರು ತಿಂದು ದಾರಿ ಬಿಟ್ಟಿತು. ಮೂರನೆಯ ಗಂಟು ಸಂಪಿಯ ಕುತ್ತಿಗೆಯ ಹತ್ತಿರವಿತ್ತು, ಅದರ ಇನ್ನೊಂದು ತುದಿ ಮಾಂತ್ರಿಕನ ಜುಟ್ಟಿನಲ್ಲಿತ್ತು. ಬಾಳವ್ವ ಕತ್ತರಿ ಒತ್ತಿದಳು. ಎಳೆ ಎರಡು ಅಲಗಿನ ನಡುವೆ ಹೋಗಿ ತಣ್ಣಗೆ ಮಲಗಿಕೊಂಡಿತು. ಓರೆಯಾಗಿ ಒತ್ತಿದಳು, ಬುಡದಿಂದ ಒತ್ತಿದಳು, ತುದಿಯಿಂದ ಒತ್ತಿದಳು. ಎಳೆ ಮಡಚಿತು, ಮತ್ತೆ ನೆಟ್ಟಗಾಯಿತು. ಸಿಕ್ಕಜಟ್ಟಿ ಆಕಳಿಸಿದ.

"ಅವ್ವಾ" ಎಂದಳು ಸಂಪಿ ಮೆಲ್ಲಗೆ. "ಸೊಪ್ಪು ಮಡಚಿತು ಅಂದ್ರೆ ತಪ್ಪು ಯಾರದು?"

ಬಾಳವ್ವನ ಕಣ್ಣಲ್ಲಿ ನೀರು ಬಂತು. ತಾನು ಸಾವಿರ ಸಲ ಬೇರೆಯವರಿಗೆ ಹೇಳಿದ ಮಾತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ, ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡದ್ದು. ಅವಳು ಸೆರಗು ಬಿಗಿದು ಗುಡ್ಡ ಇಳಿದು ಓಡಿದಳು.

ಕಾಳಾಚಾರಿಯ ಜಗಲಿಯ ಮೇಲೆ ಹೊಸ ಅಲಗುಗಳೆರಡು ಹೊಳೆಯುತ್ತಿದ್ದವು. ಬೇರೆ ಬೇರೆಯಾಗಿ ಬಿದ್ದಿದ್ದವು, ಜೋಡಿಸಿರಲಿಲ್ಲ.

"ಮೊಳೆ ಎಲ್ಲಪ್ಪ?"

"ನಿನ್ನ ಸೊಂಟದಲ್ಲೈತೆ. ಹಳೇದರ ಮೊಳೆ ಇಲ್ಲದೆ ಹೊಸದು ಜೋಡಿಸೋ ಪದ್ಧತಿ ನಮ್ಮ ಮನೇಲಿಲ್ಲ. ಅಲಗು ಸವೆದೈತೆ, ತೂತು ಸವೆದೈತೆ. ಮೊಳೆ ಮಾತ್ರ ಎಣ್ಣೆ ಕುಡಿದು ಕಲ್ಲಂಗೈತೆ."

ಬಾಳವ್ವ ಕತ್ತರಿಯನ್ನು ಎದೆಗೊತ್ತಿಕೊಂಡಳು. "ಬಿಚ್ಚಿದ್ರೆ ನಮ್ಮತ್ತೆ ಕತ್ತರಿ ಹೋದಂಗೇ ಅಲ್ವಾ?"

"ನಿಮ್ಮತ್ತೆ ಕೂಡ ಹಿಂಗೇ ಕೇಳಿದ್ಲಂತೆ" ಎಂದ ಕಾಳಾಚಾರಿ. "ಈ ಮೊಳೆ ನಿಮ್ಮತ್ತೆ ಕತ್ತರಿಗಿಂತ ಹಳೇದು ಕಣವ್ವ. ಕೆಂಚವ್ವ ಅವರತ್ತೆ ಕತ್ತರಿ ತಂದಾಗ ನಮ್ಮಪ್ಪ ಬಿಚ್ಚಿ, ಇದಕ್ಕೆ ಹಾಕಿದ್ದು. ಇದೇ ಜಗಲಿ ಮೇಲೆ ಕೂತು ಗೊಳೋ ಅಂತ ಅತ್ತಿದ್ಲಂತೆ."

"ನಮ್ಮತ್ತೇನಾ? ಅತ್ತಿದ್ಲಾ? ಆಮೇಲೆ?"

"ಆಮೇಲೇನು? ಸಾರಿಗೆ ಹೊತ್ತಾಯ್ತು ಅಂತ ಹೊಸದನ್ನ ಎತ್ತಿಕೊಂಡು ಹೋದ್ಲು."

ಬಾಳವ್ವ ಅತ್ತಳು, ಅಳುತ್ತಲೇ ನಕ್ಕಳು, ಹಳೆಯ ಕತ್ತರಿಯನ್ನು ಜಗಲಿಯ ಮೇಲಿಟ್ಟಳು. ಕಾಳಾಚಾರಿ ಮೊಳೆ ಬಿಚ್ಚಿ, ಹೊಸ ಅಲಗುಗಳಿಗೆ ತೂರಿಸಿ, ಟಣ್ ಟಣ್ ಎಂದು ಎರಡೇಟು ಕೊಟ್ಟು ಕೆಳಗಿಟ್ಟ. ಬಾಳವ್ವ ತಾನೇ ಅದನ್ನು ಎತ್ತಿಕೊಂಡಳು. ಹಿಡಿ ಹೊಸದು, ತೂಕ ಹೊಸದು. ಬೆರಳಾಡಿಸಿದಾಗ ನಡುವಿನ ಆ ನಯ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು.

ಗುಡ್ಡದ ಬುಡಕ್ಕೆ ಬರುವಾಗ ಸೂರ್ಯ ಮಾರುದ್ದ ಮೇಲಿದ್ದ.

"ಯಾರು? ಏನು ತಂದೆ?"

"ಬಾಳವ್ವ. ಏನೂ ತಂದಿಲ್ಲ. ಹೊತ್ತು ಮುಳುಗ್ತದೆ, ಬಿಡಪ್ಪ."

ಟಗರು ಅವಳನ್ನು ಮೇಲಿಂದ ಕೆಳಗೆ ನೋಡಿತು. "ಉಂಡ ಮನೆಗೆ ಎರಡು ಬಗೆಯೋ ಟಗರಲ್ಲ ನಾನು. ಹತ್ತು ಬೆನ್ನ" ಎಂದಿತು. ಆರು ಕೊಂಬುಗಳಲ್ಲಿ ಎರಡನ್ನು ಹಿಡಿದುಕೊಂಡು ಬಾಳವ್ವ ಕುಳಿತಳು, ಟಗರು ನಾಲ್ಕೇ ನೆಗೆತಕ್ಕೆ ತುದಿ ಮುಟ್ಟಿತು. ಸಂಪಿಯ ಕೂದಲು ಆಗಲೇ ಕಾಲುಗಳ ತನಕ ಉದ್ದವಾಗುತ್ತ ಇತ್ತು, ಮುಖ ತೆಳುವಾಗುತ್ತ ಇತ್ತು. ಬಾಳವ್ವ ಗಂಟಿಗೆ ಅಲಗು ಕೊಟ್ಟಳು.

ಕಚಕ್.

ಒಂದೇ ಏಟು. ಎಳೆ ತುಂಡಾಯಿತು, ಜುಟ್ಟು ಬುಡಸಮೇತ ಉದುರಿತು. ಜುಟ್ಟು ಬಿದ್ದದ್ದೇ ತಡ, ಏಳುನೂರು ಕೂದಲೂ ಉದುರಿ ನೆಲ ಮುಟ್ಟಿ ಏಳುನೂರು ಜನರಾಗಿ ಎದ್ದು ನಿಂತವು. ವೀಳ್ಯದೆಲೆ ಮಾರುವವಳು, ಓಲೆ ಓದುವವನು, ದಾರಿ ತಪ್ಪಿದ ಮದುವೆ ದಿಬ್ಬಣವೊಂದು, ರಾಜನ ಸೋದರಮಾವ. ಎಲ್ಲರೂ ಒಟ್ಟಿಗೆ ಕೇಳಿದ ಮೊದಲ ಮಾತು, "ಊಟಕ್ಕೇನೈತೆ?"

ಸಂಪಿ ಅವ್ವನನ್ನು ತಬ್ಬಿಕೊಂಡಳು. ಸಿಕ್ಕಜಟ್ಟಿ ಬೋಳುತಲೆ ಸವರಿಕೊಂಡ. ಏಳುನೂರು ಜನರ ಚಿಂತೆ ಹೊತ್ತು ನೂರಾರು ವರ್ಷ ಸಿಡಿಯುತ್ತಿದ್ದ ತಲೆನೋವು ಮಾಯವಾಗಿತ್ತು. "ತಲೆ ಹಗುರಾಯ್ತವ್ವ" ಎಂದ ಆಶ್ಚರ್ಯದಿಂದ. ಮಂತ್ರವೆಲ್ಲ ಜುಟ್ಟಿನೊಡನೆ ಹೋಗಿತ್ತು. ಬಾಳವ್ವ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಒಂದು ಬುಟ್ಟಿ ಬೆಳ್ಳುಳ್ಳಿ ಮುಂದಿಟ್ಟಳು. ಬಿಡಿಸುವುದರಲ್ಲಿ ಅವನ ಕೈ ಬಹಳ ಚುರುಕು ಎಂದು ಆಮೇಲೆ ಎಲ್ಲರೂ ಒಪ್ಪಿದರು.

ಮರುದಿನ ಆಯುಧಪೂಜೆ. ಹೊಸ ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿದ ಬಾಳವ್ವ ಹಳೆಯ ಅಲಗುಗಳಿಗೂ ಹಚ್ಚಿ, ಹೂವಿಟ್ಟು ಕೈ ಮುಗಿದಳು. ಆಮೇಲೆ ಅವನ್ನು ಹಿತ್ತಲ ಕರಿಬೇವಿನ ಬುಡ ಕೆದಕಲು ಇಟ್ಟುಕೊಂಡಳು. ಕೆಂಚವ್ವನ ಅಲಗು ತಾಗಿದ ಮೇಲೆ ಆ ಗಿಡ ಮಾಡಿನಷ್ಟು ಎತ್ತರ ಬೆಳೆಯಿತು, ಕಾಡು ಕರಿಬೇವಿಗೆ ಯಾರೂ ಗುಡ್ಡ ಹತ್ತಬೇಕಾಗಲಿಲ್ಲ. ಟಗರಿಗೆ ಹಬ್ಬಕ್ಕೊಂದು ಹೋಳಿಗೆ ತಪ್ಪಲಿಲ್ಲ. ರಾಜ ಬಾಯಿ ಮುಕ್ಕಳಿಸಿಯೇ ಊಟಕ್ಕೆ ಕೂರುವುದನ್ನು ಕಲಿತ.

ಪೂಜೆಯ ಮರುದಿನ ಒಗ್ಗರಣೆಯ ಹೊತ್ತಿಗೆ ಸಂಪಿ ಕತ್ತರಿ ಕೇಳಿದಳು. ಬಾಳವ್ವ ಅದನ್ನು ಅವಳ ಮುಂದೆ ನೆಲದ ಮೇಲಿಟ್ಟಳು.

"ತೊಳೆದು ಒರೆಸು, ಎಣ್ಣೆ ಬಿಡು, ವರ್ಷಕ್ಕೆ ಎರಡು ಸಲ ಸಾಣೆ ಹಿಡಿಸು. ಹಂಗೂ ಒಂದಿನ ಸೊಪ್ಪು ಮಡಚ್ತದೆ. ಆವತ್ತು ಜಗಲಿ ಮೇಲೆ ಕೂತು ಚೆನ್ನಾಗಿ ಅತ್ತುಬಿಡು."

"ಆಮೇಲೆ?"

"ಆಮೇಲೇನು? ಸಾರಿಗೆ ಹೊತ್ತಾಗ್ತದೆ."

ಸಂಪಿ ನಕ್ಕು, ಬಗ್ಗಿ, ಕತ್ತರಿಯನ್ನು ಎತ್ತಿಕೊಂಡಳು. ಆ ಮೊಳೆ ಈಗ ಎಷ್ಟನೆಯ ಕತ್ತರಿಯಲ್ಲಿದೆಯೋ ಹೇಳುವವರಿಲ್ಲ. ಬೆಣಚುಗಿರಿಯ ಸಾರಿನಲ್ಲಿ ಕರಿಬೇವು ಮಾತ್ರ ಇಂದಿಗೂ ಸಣ್ಣಗೆ, ಒಂದೂ ಮಡಚದೆ ಬೀಳುತ್ತದಂತೆ.