ಹಿಂದಿನ ಸೀಟಿನ ಸದ್ದು

"ನನ್ನ ಮಗ ಸುಳ್ಳು ಹೇಳ್ತಿದಾನೆ ಸಾರ್. ಅದನ್ನ ನೀವು ಸಾಬೀತು ಮಾಡಿಕೊಡಬೇಕು."

ಮಗ ಹೇಳುವುದು ಸತ್ಯ ಎಂದು ವಾದಿಸುವ ತಾಯಂದಿರನ್ನು ನಾನು ಬೇಕಾದಷ್ಟು ಕಂಡಿದ್ದೆ. ಹೆತ್ತ ಮಗನನ್ನು ಸುಳ್ಳುಗಾರ ಮಾಡಿಕೊಡಿ ಎಂದು ಬಾಗಿಲು ತಟ್ಟಿದವಳು ಈಕೆಯೊಬ್ಬಳೇ. ಪರದೆ ಹೊಲಿದುಕೊಡುವ ಗಿಡ್ಡ ಹೆಂಗಸು. ಅಳುವುದಕ್ಕೂ ಪುರುಸೊತ್ತಿಲ್ಲದೆ ಬಂದಿದ್ದಳು, ಸೆರಗಿನಲ್ಲಿ ಇನ್ನೂ ಸೂಜಿ ಚುಚ್ಚಿಕೊಂಡೇ ಇತ್ತು.

ಇಣುಕಪ್ಪನವರು ಕುರ್ಚಿ ತೋರಿಸಿದರು. ಅದು ಅವರ ನಿಜವಾದ ಹೆಸರಲ್ಲ. ವಿಮೆ ಕಂಪನಿಯಲ್ಲಿ ಗುದ್ದಿಸಿಕೊಂಡ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಎಲ್ಲಿ ಸಂದು ಕಂಡರೂ ಇಣುಕುವ ಚಾಳಿ ಬಿಟ್ಟಿರಲಿಲ್ಲವಾದ್ದರಿಂದ ಬೀದಿಯವರು ಕೊಟ್ಟ ಬಿರುದು. ನಾನು ಅವರ ಮಹಡಿಯ ಬಾಡಿಗೆದಾರ, ಹಲ್ಲಿನ ಸೆಟ್ಟು ಮಾಡುವವನು. ಅವರು ಹೊರಟಲ್ಲೆಲ್ಲ ನಾನೂ ಹೊರಡುವುದರಿಂದ ನನ್ನನ್ನು ಬಾಲ ಅನ್ನುತ್ತಾರೆ. ಅನ್ನಲಿ, ಬಾಲವಿಲ್ಲದ ಪ್ರಾಣಿಗೆ ನೊಣದ ಕಾಟ ಹೆಚ್ಚು.

ಆಕೆ ಹೇಳಿದ್ದಿಷ್ಟು. ಗುರುವಾರ ಮುಸ್ಸಂಜೆ, ತುಂತುರು ಮಳೆಯಲ್ಲಿ, ಟೈಲರ್ ಅಂಗಡಿಯ ತಿರುವಿನಲ್ಲಿ ಬೀಗ ರಿಪೇರಿಯ ಮುದುಕನಿಗೆ ಯಾವುದೋ ಗಾಡಿ ತಗುಲಿ, ನಿಲ್ಲದೆ ಹೋಗಿತ್ತು. ಮುದುಕನ ತಲೆ ಚರಂಡಿಯ ಅಂಚಿನ ಕಲ್ಲಿಗೆ ಬಡಿದಿತ್ತು. ಟೈಲರು ಅಂಗಡಿ ಮುಚ್ಚಿ ಹೊರಬಂದಾಗಲೇ ಅವನನ್ನು ಕಂಡದ್ದು. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ವಲ್ಪ ಮುಂಚೆ ತಂದಿದ್ದರೆ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರಂತೆ. ಪೊಲೀಸರು ಮನೆಮನೆಯ ಗಾಡಿ ನೋಡುತ್ತ ಬಂದರು. ಇವರ ವ್ಯಾನಿನ ಎಡಗಡೆಯ ಜಾರುಬಾಗಿಲಿನ ಹಳಿಯಲ್ಲಿ ಮುದುಕನ ಹರಿದ ಕಪ್ಪು ಕೊಡೆಯ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು.

"ಅದನ್ನ ಎಳೆದು ತೋರಿಸಿದ್ದೇ ತಡ, ಮಗ ನಾನೇ ಓಡಿಸಿದ್ದು ಅಂದುಬಿಟ್ಟ. ಸಂಜೆ ನಾನು ಅತ್ತೆನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ ಬಂದು ಗಾಡಿ ನಿಲ್ಲಿಸಿದ್ದೆ. ಆಮೇಲೆ ತಾನು ಒಂದು ರೌಂಡು ಹೋದೆ ಅಂತಾನೆ. ಅವನಿಗೆ ರಿವರ್ಸ್ ತೆಗೆಯೋಕೂ ಸರಿಯಾಗಿ ಬರಲ್ಲ ಸಾರ್. ಯಾವನೋ ಗೆಳೆಯ ಕೀ ತಗೊಂಡು ಹೋಗಿದಾನೆ. ಇವನು ಅವನ್ನ ಕಾಪಾಡ್ತಿದಾನೆ."

"ಪೊಲೀಸರು ನಂಬಿದ್ರಾ?" ಎಂದು ನಾನು ಕೇಳಿದೆ.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಕಟ್ಟಿದಾರೆ."

ಇಣುಕಪ್ಪನವರು ಮಗನ ಬಗ್ಗೆ ಏನೂ ಕೇಳಲಿಲ್ಲ. "ನಿಮ್ಮ ಗಾಡಿ ಹೆಂಗೆ ತಾಯಿ?" ಎಂದರು.

ಆಕೆಯ ಮುಖ ಒಂದು ಗಳಿಗೆ ಹಗುರಾಯಿತು. "ಅದನ್ನ ನಾವು ಡಬ್ಬಿ ಅಂತೀವಿ. ಅದರಲ್ಲಿ ಸರಿಯಾಗಿರೋದು ಹಾರ್ನ್ ಒಂದೇ. ಮೈಮೇಲೆ ಎಷ್ಟು ತಗ್ಗಿದೆ ಅಂತ ಲೆಕ್ಕ ಇಟ್ಟವರಿಲ್ಲ. ಅತ್ತೆನ ನಡು ಸೀಟಲ್ಲಿ ಕೂರಿಸ್ತೀನಿ, ಕಣ್ಣು ತಪ್ಪಿದ್ರೆ ಬೆಲ್ಟು ಬಿಚ್ಚಿಬಿಡ್ತಾರೆ. ಕೊನೇ ಸೀಟಿನ ಬೆನ್ನು ತಿರುವು ಬಂದ್ರೆ ಸಾಕು, ಧಡ್ ಅಂತ ಮುಂದಕ್ಕೆ ಬೀಳುತ್ತೆ. ಮೊದಮೊದಲು ಎದೆ ಧಸಕ್ ಅಂತಿತ್ತು. ಈಗ ಯಾರೂ ತಿರುಗಿ ಕೂಡ ನೋಡಲ್ಲ. ಗುರುವಾರನೂ ಬಿತ್ತು, ಅತ್ತೆಗೆ ಕಿವಿ ಮಂದ, ಅವರ ಪಾಡಿಗೆ ಅವರು ಕೂತಿದ್ರು." ಇಷ್ಟು ಹೇಳಿ, ನಗುವ ಹೊತ್ತಲ್ಲ ಎಂಬುದು ನೆನಪಾದಂತೆ ಸೆರಗಿನ ಸೂಜಿ ಕಿತ್ತು ಮತ್ತೆ ಚುಚ್ಚಿಕೊಂಡಳು. "ಆ ಮುದುಕಪ್ಪ ನಮಗೆ ಬೇಕಾದವರು ಸಾರ್. ಕೀ ಒಳಗೇ ಬಿಟ್ಟು ಲಾಕ್ ಮಾಡ್ಕೊಂಡಾಗೆಲ್ಲ ಅವರೇ ಬಂದು ತೆಗೀತಿದ್ದಿದ್ದು. ಅವರನ್ನ ಬೀದೀಲಿ ಬಿಟ್ಟು ಓಡಿಹೋದವನು ಯಾರಾದ್ರೂ ಸರಿ, ನನ್ನ ಕಣ್ಣಿಗೆ ಬೀಳಲಿ."

ವ್ಯಾನು ಠಾಣೆಯ ಹಿತ್ತಲಿನಲ್ಲಿತ್ತು. ಇನ್ಸ್‌ಪೆಕ್ಟರು ಇಣುಕಪ್ಪನವರ ಹಳೆಯ ಪರಿಚಯ. "ಎಳ್ಕೊಂಡು ಬಂದು ನಿಲ್ಲಿಸಿದೀವಿ, ಒಳಗೆ ಯಾರೂ ಕೂತಿಲ್ಲ. ಹುಡುಗ ಒಪ್ಕೊಂಡಮೇಲೆ ನೋಡೋದೇನಿದೆ?" ಎಂದು ಕೀ ಕೊಟ್ಟರು.

"ಕೂತ್ಕೊಳ್ಳಯ್ಯ," ಎಂದು ಇಣುಕಪ್ಪನವರು ನನಗೆ ಚಾಲಕನ ಸೀಟು ತೋರಿಸಿದರು. ನಾನೇನು ಆಜಾನುಬಾಹುವಲ್ಲ. ಆದರೂ ಸೀಟು ಪೂರ್ತಿ ಮುಂದಕ್ಕೆ ಬಂದಿದ್ದರಿಂದ ಮೊಣಕಾಲು ಸ್ಟೀರಿಂಗಿಗೆ ಒತ್ತಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವ ಬದಲು ನಡು ಸೀಟು ಕಾಣುತ್ತಿತ್ತು. ಮಗನನ್ನು ಲಾಕಪ್ಪಿನ ಸರಳಿನ ಹಿಂದೆ ಆಗಲೇ ನೋಡಿದ್ದೆ. ಮನೆಯಲ್ಲಿ ಅವನನ್ನು ಏಣಿ ಎಂದು ಕರೆಯುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

"ಈ ಸೀಟಲ್ಲಿ ಏಣಿ ಕೂರೋಕೆ ಆಗಲ್ಲ. ತಾಯಿ ಗೆದ್ದಳು," ಎಂದೆ ಖುಷಿಯಿಂದ.

ಅವರು ಹಿಂದಕ್ಕೆ ಹೋಗಿ ಕೊನೆಯ ಸೀಟಿನ ಬೆನ್ನನ್ನು ಜಗ್ಗಿದರು. ಅದು ಅಲುಗಲಿಲ್ಲ. ಪೇದೆಯನ್ನು ಕರೆದು ಹಿತ್ತಲಲ್ಲೇ ಎರಡು ಸುತ್ತು ವ್ಯಾನು ಓಡಿಸಲು ಹೇಳಿದರು. ಅವನು ಗಕ್ಕನೆ ತಿರುಗಿಸಿದ ರಭಸಕ್ಕೆ ನನ್ನ ಹಲ್ಲು ಕಟಕಟ ಅಂದವೇ ಹೊರತು ಸೀಟು ಬೀಳಲಿಲ್ಲ. ಕವರ್ ಎತ್ತಿ ನೋಡಿದರೆ ಒಳಗೆ ಹೊಸ ತಂತಿ, ಪಳಪಳ ಹೊಳೆಯುತ್ತ, ಇಕ್ಕಳದಿಂದ ತಿರುಚಿ ಬಿಗಿದಿದ್ದರು.

ಇಣುಕಪ್ಪನವರ ಮುಖ ಬಾಡಿತು. ಅಲ್ಲಿಂದ ನೇರ ನೀರಿನ ಪಂಪ್‌ಹೌಸಿಗೆ ಹೋದೆವು. ಆಕೆಯ ಗಂಡ ಅಲ್ಲಿ ಫಿಟ್ಟರ್. ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಒಬ್ಬರೇ ಹೋಗಿ ಅವನೊಡನೆ ಮಾತಾಡಿ ಬಂದರು.

"ಗೆಳೆಯ ಯಾರು ಗೊತ್ತಾಯ್ತಾ?" ಎಂದು ಕೇಳಿದೆ.

"ಗೆಳೆಯ ಇಲ್ಲಯ್ಯ. ಈ ಕೇಸು ನನ್ನ ಹತ್ರ ಬರಬಾರದಿತ್ತು."

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ತಾಯಿ ಮಗನಿಗೆ ಬದಲಾಯಿಸಲು ಒಗೆದ ಅಂಗಿ ತಂದಿದ್ದಳು. ಗಂಡ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ. ಮಗ ಇಣುಕಪ್ಪನವರನ್ನು ಕಂಡದ್ದೇ ಎದ್ದು ನಿಂತ.

"ಸಾರ್, ನಾನೇ ಅಂತ ಬರ್ಕೊಟ್ಟಿದೀನಲ್ಲ. ಇಲ್ಲಿಗೆ ಬಿಟ್ಬಿಡಿ."

"ಕೂತ್ಕೋ," ಎಂದಳು ತಾಯಿ.

ಇಣುಕಪ್ಪನವರು ಸೀಟಿನ ವಿಷಯ ಹೇಳಿದರು, ಕನ್ನಡಿಯ ವಿಷಯ ಹೇಳಿದರು. "ನಡು ಸೀಟಲ್ಲಿ ಕೂತವರನ್ನ ನೋಡ್ಕೋಬೇಕಾದವರು ಮಾತ್ರ ಕನ್ನಡಿ ಹಾಗೆ ತಿರುಗಿಸ್ತಾರೆ. ತಾಯಿ ಗಾಡಿ ನಿಲ್ಲಿಸಿದ ಮೇಲೆ ಅದನ್ನ ಯಾರೂ ಓಡಿಸಿಲ್ಲ. ಮಗನೂ ಇಲ್ಲ, ಮಗನ ಗೆಳೆಯನೂ ಇಲ್ಲ."

"ನಾನು ಹೇಳ್ಲಿಲ್ವಾ," ಎಂದು ಆಕೆ ಇನ್ಸ್‌ಪೆಕ್ಟರ ಕಡೆ ತಿರುಗಿದಳು. ಆ ಮುಖದಲ್ಲಿದ್ದ ಗೆಲುವನ್ನು ನೋಡಲಾರದೆ ನಾನು ತಲೆ ತಗ್ಗಿಸಿದೆ. ಆಗಲೇ ನನಗೆ ಅರ್ಥವಾಗಿತ್ತು.

"ತಾಯಿ, ಗುರುವಾರ ಹಿಂದಿನ ಸೀಟು ಬಿತ್ತು ಅಂದ್ರಲ್ಲ, ಎಲ್ಲಿ?"

"ಟೈಲರ್ ಅಂಗಡಿ ತಿರುವಲ್ಲಿ. ಯಾವಾಗಲೂ ಬೀಳೋ ಜಾಗ."

"ಮನೆಗೆ ಬಂದು ಅದನ್ನ ಎತ್ತಿ ನಿಲ್ಲಿಸಿದ್ರಾ?"

"ಇಲ್ಲ. ಯಾರು ಎತ್ತುತಾರೆ ಅದನ್ನ. ಬಿದ್ದಿದ್ರೆ ಬಿದ್ದಿರಲಿ ಅಂತ..."

"ಅದು ಬಿದ್ದಿರಲಿಲ್ಲ ತಾಯಿ. ಹಿಂದಿನ ಭಾನುವಾರವೇ ನಿಮ್ಮ ಯಜಮಾನರು ಅದನ್ನ ತಂತಿ ಕಟ್ಟಿ ಬಿಗಿ ಮಾಡಿದ್ರು. ಮಗ ಟಾರ್ಚು ಹಿಡಿದಿದ್ದ."

ಆಕೆ ಗಂಡನನ್ನು ನೋಡಿದಳು. ಅವನು ಬಾಯಿ ತೆರೆದದ್ದು ಅದೇ ಮೊದಲು. "ಹೇಳೋಣ ಅಂತಿದ್ದೆ. ನಿನಗೇ ಗೊತ್ತಾಗಲಿ, ಈಗ ಬೀಳ್ತಿಲ್ಲವಲ್ಲ ಅಂತ ನೀನೇ ಕೇಳ್ತೀಯ ಅಂತ ಸುಮ್ಮನಿದ್ದೆ."

ಇಣುಕಪ್ಪನವರು ಮುಗಿಸಲೇಬೇಕಿತ್ತು, ಮುಗಿಸಿದರು. ಆ ಮಬ್ಬಿನಲ್ಲಿ, ಆಕೆಯ ಕಣ್ಣು ಕನ್ನಡಿಯೊಳಗಿನ ಅತ್ತೆಯ ಬೆಲ್ಟಿನ ಮೇಲಿದ್ದಾಗ, ವ್ಯಾನಿನ ಎಡಮೈ ಮುದುಕನಿಗೆ ಬಡಿಯಿತು. ಸದ್ದು ಕೇಳಿಸಿತು. ಅದು ಸೀಟಿನದೆಂದು ಆಕೆ ತಿರುಗಿಯೂ ನೋಡಲಿಲ್ಲ. ಉಳಿದದ್ದು ಮಗನ ಬಾಯಿಂದಲೇ ಬಂತು. ರಾತ್ರಿ ಊಟಕ್ಕೆ ಕೂತಾಗ, ಇವತ್ತೂ ಆ ಹಾಳು ಸೀಟು ಬಿತ್ತು ಎಂದಳು. ಗಂಡ ಪಾಳಿಯ ಮೇಲಿದ್ದ, ಕೇಳಿಸಿಕೊಂಡವನು ಮಗನೊಬ್ಬನೇ. ಪೊಲೀಸರು ಕೊಡೆಯ ಬಟ್ಟೆ ತೋರಿಸಿದ ಕ್ಷಣ ಅವನಿಗೆ ಎಲ್ಲ ಹೊಳೆಯಿತು. ತಾಯಿ ಜೈಲಿಗೆ ಹೋಗಬಾರದು ಎನ್ನುವುದಕ್ಕಿಂತ, ಅವಳಿಗೆ ಇದು ಗೊತ್ತೇ ಆಗಬಾರದು ಎಂದು ಅವನು ತಪ್ಪು ಮೈಮೇಲೆ ಹಾಕಿಕೊಂಡಿದ್ದ.

"ಗೊತ್ತಿದ್ದೂ ಬಿಟ್ಟು ಹೋದದ್ದಲ್ಲ ಅಂತ ಬರ್ಕೊಳ್ಳಿ," ಎಂದರು ಇಣುಕಪ್ಪನವರು.

"ಬರ್ಕೋತೀನಿ. ನಂಬೋರು ಯಾರು? ಸೀಟು ಬಂದು ಸಾಕ್ಷಿ ಹೇಳುತ್ತಾ?" ಎಂದರು ಇನ್ಸ್‌ಪೆಕ್ಟರು. ಅವರ ದನಿಯಲ್ಲಿ ಜೋರಿರಲಿಲ್ಲ.

ಆಕೆ ತಂದಿದ್ದ ಅಂಗಿಯ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ, "ನಾನು ನಿಲ್ಲಿಸಿದ್ದಿದ್ರೆ ಉಳೀತಿದ್ರಲ್ವಾ ಸಾರ್?" ಎಂದು ಕೇಳಿದಳು. ಡಾಕ್ಟರ ಮಾತನ್ನು ನಮಗೆ ಹೇಳಿದವಳು ಅವಳೇ. ಅಂಗಿಯನ್ನು ಮಗನ ಕೈಗಿಟ್ಟು, ಅತ್ತೆಯ ಕಣ್ಣಿಗೆ ಯಾವ ಔಷಧಿ ಬೆಳಿಗ್ಗೆ, ಯಾವುದು ಸಂಜೆ ಎಂದು ಎರಡೆರಡು ಸಲ ಹೇಳಿ, ಪೇದೆಯ ಹಿಂದೆ ಒಳಗೆ ಹೋದಳು.

ನಮ್ಮ ಕೆಲಸ ಮುಗಿದಿತ್ತು. ಅವಳು ಕೇಳಿಕೊಂಡಂತೆ ಮಗ ಬಿಡುಗಡೆಯಾಗಿದ್ದ. ಅಂದಿನಷ್ಟು ಹೇಸಿಗೆ ನನಗೆ ಯಾವ ಗೆಲುವಿನಲ್ಲೂ ಆಗಿಲ್ಲ. ಮೆಟ್ಟಿಲಿಳಿಯುವಾಗ ಏಣಿ ನಮ್ಮ ದಾರಿಗೆ ಅಡ್ಡ ಬಂದ. ಹೊಡೆಯುತ್ತಾನೇನೋ ಎಂದು ನಾನು ಮುಂದೆ ನಿಂತೆ. ಅವನು ನನ್ನನ್ನು ದಾಟಿ ಇಣುಕಪ್ಪನವರ ಎದುರು ಕೈಜೋಡಿಸಿದ.

"ಸಾರ್, ಅಮ್ಮ ಕೇಳಿದ್ದಕ್ಕೆ ನನ್ನ ಬಿಡಿಸಿದ್ರಿ. ಈಗ ನಾನು ಕೇಳ್ತಿದೀನಿ. ಅಮ್ಮನ್ನ ಬಿಡಿಸಿಕೊಡಿ."

ಇಣುಕಪ್ಪನವರು ಅವನ ಕೈಗಳನ್ನು ಹಿಡಿದುಕೊಂಡರು.